ಅತಿಥಿಯ ಹಾಸಿಗೆ

"ಹಾಗಾದ್ರೆ ಹಾಸಿಗೆ ಯಾರು ಸರಿಮಾಡ್ತಾರೆ?" ಎಂದು ಅವಳು ಎರಡನೇ ಸಲ ಕೇಳಿದಳು.

ರಿಸಾರ್ಟಿನ ಕೌಂಟರಿನಲ್ಲಿ ಪ್ಲಾಸ್ಟಿಕ್ ಪರದೆಯ ಆಚೆ ಕೂತಿದ್ದ ರಿಸೆಪ್ಷನ್ ಹುಡುಗಿಗೆ ಮೊದಲ ಸಲವೇ ಕೇಳಿಸಿತ್ತು. "ನೀವೇ ಮೇಡಂ. ಈ ಕಾಯಿಲೆ ಇನ್ನೂ ಪೂರ್ತಿ ಹೋಗಿಲ್ವಲ್ಲ, ಅದಕ್ಕೇ ಗೆಸ್ಟ್ ಇರೋವಷ್ಟು ದಿನ ನಮ್ಮೋರು ರೂಮಿನೊಳಗೆ ಬರೋ ಹಾಗಿಲ್ಲ. ನೀವು ಖಾಲಿ ಮಾಡಿದ ಮೇಲೇನೇ ಕ್ಲೀನಿಂಗು. ಟವೆಲ್ ಬೇಕಾದ್ರೆ ಫೋನ್ ಮಾಡಿ, ಬಾಗಿಲ ಹತ್ರ ಇಟ್ಟು ಹೋಗ್ತಾರೆ. ಎಲ್ಲಾ ನಿಮ್ಮ ಸುರಕ್ಷತೆಗೇ."

"ಎರಡು ದಿನಾನೂ?"

"ಎರಡು ದಿನಾನೂ ಮೇಡಂ."

ಹಿಂದೆ, ನೆಲಕ್ಕೆ ಅಂಟಿಸಿದ್ದ ಹಳದಿ ವೃತ್ತದೊಳಗೆ ಬಟ್ಟೆಯ ಚೀಲ ತಬ್ಬಿಕೊಂಡು ನಿಂತಿದ್ದ ಅತ್ತೆ ಕೂಗಿ ಕೇಳಿದರು. "ಏನಂತೆ? ರೂಮಿಲ್ವಂತಾ? ನಾನು ಆವತ್ತೇ ಹೇಳ್ದೆ, ಪುಕ್ಕಟೆ ಕೊಡೋರು ಏನಾದ್ರೂ ಒಂದು ಕೊಕ್ಕೆ ಇಟ್ಟೇ ಇರ್ತಾರೆ ಅಂತ."

"ರೂಮಿದೆ ಅತ್ತೆ. ಸುಮ್ನಿರಿ."

ಹುಡುಗಿ ಅವರ ಮಣಿಕಟ್ಟುಗಳಿಗೆ 'ವಿಶೇಷ ಅತಿಥಿ' ಎಂದು ಅಚ್ಚಾಗಿದ್ದ ಪಟ್ಟಿಗಳನ್ನು ಕೊಟ್ಟು, ತಲೆಗೊಂದರಂತೆ ಚೀಲ ಮುಂದಕ್ಕೆ ತಳ್ಳಿದಳು. ಅದರಲ್ಲಿ ಸ್ಯಾನಿಟೈಸರ್ ಬಾಟಲಿ, ಕರಡಿಯ ನಗುಬಾಯಿ ಚಿತ್ರಿಸಿದ ಮಾಸ್ಕು, ಕರಡಿಯ ಆಕಾರದ್ದೇ ಒಂದು ಚಾಕೊಲೇಟು. ಮಗಳು ತನ್ನದನ್ನು ಅಲ್ಲೇ ಬಾಯಿಗೆ ಹಾಕಿಕೊಂಡಳು. ಅಜ್ಜಿಯದನ್ನೂ ಗಿಟ್ಟಿಸಿಕೊಂಡಳು. ತನ್ನದನ್ನು ಅವಳು ಗಂಡನಿಗಾಗಿ ಎತ್ತಿಟ್ಟಳು.

ಗಂಡ ಶಾಲಾ ವ್ಯಾನ್ ಓಡಿಸುವವನು. ಶಾಲೆ ಮುಚ್ಚಿದ ಮೇಲೆ ಖಾಲಿ ಕೂತಿದ್ದವನಿಗೆ ಮನೆಮನೆಗೆ ದಿನಸಿ ಮುಟ್ಟಿಸುವ ಕೆಲಸ ಸಿಕ್ಕಿ ಇನ್ನೂ ವಾರವಾಗಿರಲಿಲ್ಲ. ರಜೆ ಕೇಳುವಂತಿರಲಿಲ್ಲ. "ಅಮ್ಮನ್ನ ಕರ್ಕೊಂಡು ಹೋಗು. ನಿನಗೂ ಜೊತೆಯಾಯ್ತು, ನನಗೂ ಎರಡು ದಿನ ಕಿವಿ ತಣ್ಣಗಿರುತ್ತೆ" ಎಂದು ಕೈತೊಳೆದುಕೊಂಡಿದ್ದ. ಪುಕ್ಕಟೆ ಸಿಕ್ಕ ಪಾಸಿನ ಅವಧಿ ಮುಗಿಯುತ್ತ ಬಂದಿತ್ತು. ಹೀಗಾಗಿ, ಇಷ್ಟು ವರ್ಷಕ್ಕೆ ಮೊದಲ ಬಾರಿ ಅವಳು ಅತಿಥಿಯಾಗಿ ಒಂದು ರೂಮಿಗೆ ಹೊರಟಾಗ ಪಕ್ಕದಲ್ಲಿದ್ದದ್ದು ಅತ್ತೆ.

ಅವಳು ಹೋಟೆಲೊಂದರಲ್ಲಿ ರೂಮು ಶುಚಿಮಾಡುವ ಕೆಲಸದವಳು. ಕಾಯಿಲೆ ಜೋರಾಗಿದ್ದಾಗ ಆ ಹೋಟೆಲನ್ನೇ ಕಾಯಿಲೆಯವರನ್ನು ಬೇರೆಯಿಡಲು ತೆಗೆದುಕೊಂಡರು. ಕೆಲಸದವರಲ್ಲಿ ಮುಕ್ಕಾಲು ಜನ ಬಿಟ್ಟು ಓಡಿದರು. ಅವಳು ಓಡಲಿಲ್ಲ. ಧೈರ್ಯಕ್ಕಿಂತ ಹೆಚ್ಚಾಗಿ, ಓಡಿದರೆ ಸಂಬಳ ನಿಲ್ಲುತ್ತಿತ್ತು. ಆದರೂ ತಲೆಯಿಂದ ಕಾಲಿನವರೆಗೆ ಪ್ಲಾಸ್ಟಿಕ್ ತೊಟ್ಟು ಒಂದೊಂದೇ ರೂಮು ತೊಳೆಯುತ್ತ ಹೋದಂತೆ, ಈ ಕೆಲಸ ತಾನಿಲ್ಲದಿದ್ದರೆ ನಡೆಯುವುದಿಲ್ಲ ಎಂಬುದು ಅವಳಿಗೆ ಗೊತ್ತಾಗಿತ್ತು. ಕಾಯಿಲೆಯ ಅಬ್ಬರ ತಗ್ಗಿದ ಮೇಲೆ ಅಂಥವರನ್ನು ವೇದಿಕೆಗೆ ಕರೆದು ಚಪ್ಪಾಳೆ ತಟ್ಟಿಸಿ, ಈ ಮನರಂಜನಾ ಪಾರ್ಕಿನ ರಿಸಾರ್ಟಿನಲ್ಲಿ ಎರಡು ದಿನ ತಂಗುವ ಪಾಸು ಕೊಟ್ಟಿದ್ದರು.

ಪಾಸು ಕೈಗೆ ಬಂದ ದಿನ ಅವಳಿಗೆ ನೆನಪಾದದ್ದು ಪಾರ್ಕಿನ ರಾಟೆ ತೊಟ್ಟಿಲೂ ಅಲ್ಲ, ಪುಟಾಣಿ ರೈಲೂ ಅಲ್ಲ. ಹಿಂದೊಮ್ಮೆ ಅವಳು ರೂಮು ಮುಗಿಸಿ ಬಕೆಟ್ ಎತ್ತಿಕೊಳ್ಳುವಾಗ ಆ ರೂಮಿನ ಹೆಂಗಸು ತಿಂಡಿ ಮುಗಿಸಿ ವಾಪಸು ಬಂದಳು. ಬೆಳಿಗ್ಗೆ ಯುದ್ಧಭೂಮಿಯಂತಿದ್ದ ಮಂಚ ಈಗ ಇಸ್ತ್ರಿ ಮಾಡಿದಂತಿತ್ತು. ಹೆಂಗಸು ಅದನ್ನು ನೋಡಲೂ ಇಲ್ಲ. ಫೋನಿನಲ್ಲಿ ಮಾತಾಡುತ್ತಲೇ ಕೈಚೀಲವನ್ನು ಅದರ ಮೇಲೆ ಎಸೆದು ಬಾತ್‌ರೂಮಿಗೆ ಹೋದಳು. ಬಕೆಟ್ ಹಿಡಿದು ನಿಂತಿದ್ದ ಇವಳಿಗೆ ಸಿಟ್ಟು ಬರಲಿಲ್ಲ. ಒಂದೇ ಒಂದು ಸಲ ತಾನೂ ಹಾಗೆ ಬಂದು ಹಾಗೆ ಎಸೆಯಬೇಕು ಅನ್ನಿಸಿತ್ತು.

ರಿಸಾರ್ಟು ಅರ್ಧ ನಿದ್ದೆಯಲ್ಲಿತ್ತು. ಅಲೆಗಳ ಕೊಳ ಬತ್ತಿ ತಳದ ನೀಲಿ ಬಣ್ಣ ಹೊಪ್ಪಳೆ ಎದ್ದಿತ್ತು. ಜೈಂಟ್ ವ್ಹೀಲಿನ ಬುಡಕ್ಕೆ ಸರಪಳಿ ಬಿಗಿದಿದ್ದರು. ಊಟದ ಹಾಲಿನಲ್ಲಿ ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿದ್ದರು. ಊಟ ಕಾಗದದ ಪೊಟ್ಟಣದಲ್ಲಿ ರೂಮಿನ ಬಾಗಿಲಿಗೇ ಬರುತ್ತಿತ್ತು. ಕರಡಿ ವೇಷದವನು ಹಗ್ಗದಾಚೆ ನಿಂತು ಕೈಬೀಸುತ್ತಿದ್ದ, ಅಪ್ಪಿಕೊಳ್ಳುವಂತಿರಲಿಲ್ಲ. ಓಡುತ್ತಿದ್ದದ್ದು ಪುಟಾಣಿ ರೈಲು ಮತ್ತು ಪೆಡಲ್ ದೋಣಿ. ಮಗಳಿಗೆ ಅಷ್ಟೇ ಸ್ವರ್ಗ. ಸಾಲೇ ಇಲ್ಲದ್ದರಿಂದ ಇಳಿದವಳೇ ಮತ್ತೆ ಹತ್ತುತ್ತಿದ್ದಳು.

ಮರುದಿನ ಬೆಳಿಗ್ಗೆ ಎಡವಟ್ಟಾಯಿತು. ಅವಳು ಎದ್ದು, ಮಗಳನ್ನು ಎಬ್ಬಿಸಿ ಬಾತ್‌ರೂಮಿಗೆ ಕಳಿಸಿದ್ದಷ್ಟೇ ನೆನಪು. ಕಣ್ಣಲ್ಲಿ ಇನ್ನೂ ನಿದ್ದೆಯಿತ್ತು. ಸರಿಯಾಗಿ ಎಚ್ಚರವಾದಾಗ ಅವಳ ಅಂಗೈ ಬೆಡ್‌ಶೀಟಿನ ಕೊನೆಯ ಸುಕ್ಕನ್ನು ಸವರುತ್ತಿತ್ತು. ನಾಲ್ಕೂ ಮೂಲೆ ಲಕೋಟೆಯಂತೆ ಮಡಚಿ ಹಾಸಿಗೆಯಡಿ ಸೇರಿದ್ದವು. ದಿಂಬುಗಳು ಗೋಡೆಗೊರಗಿ ನೆಟ್ಟಗೆ ಕೂತಿದ್ದವು. ಕಾಲಿನ ಕಡೆ ರಜಾಯಿ ಅಳತೆಯಿಟ್ಟಂತೆ ಮಡಚಿಕೊಂಡಿತ್ತು.

"ಥೂ, ಇದರ ಮನೆ ಹಾಳಾಗ!" ಎಂದು ಅವಳು ತನ್ನ ಕೈಗಳನ್ನೇ ಬೈದಳು. ಬೈದವಳೇ ಬೆಡ್‌ಶೀಟನ್ನು ಹಿಡಿದು ಎಳೆದಳು. ಒಂದು ದಿಂಬನ್ನು ಕಿಟಕಿಯತ್ತ ಎಸೆದಳು, ರಜಾಯಿಯನ್ನು ನೆಲಕ್ಕೆ ಒದ್ದಳು.

ಪಕ್ಕದ ಸಣ್ಣ ಮಂಚದ ಮೇಲೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಅತ್ತೆಯ ಕೈ ನಿಂತಿತು. "ಏನೇ ಇದು? ಮೈಮೇಲೆ ಏನಾದ್ರೂ ಬಂತಾ?"

"ನಾನು ಗೆಸ್ಟು ಅತ್ತೆ. ಗೆಸ್ಟು ಹಾಸಿಗೆ ಸರಿಮಾಡಲ್ಲ."

"ಸರಿಮಾಡಿದ್ದನ್ನ ಕೆಡಿಸ್ತಾರಾ?"

"ಕೆಡಿಸ್ತಾರೆ. ದಿನಾ ನೋಡ್ತೀನಲ್ಲ."

ಬಾತ್‌ರೂಮಿನಿಂದ ಇಣುಕಿದ ಮಗಳು ಯಾಕಮ್ಮ ಯಾಕಮ್ಮ ಎಂದು ಬೆನ್ನುಹತ್ತಿದಾಗ, ತಲೆ ಬಾಚುತ್ತ ಅವಳು ಆ ಹೆಂಗಸಿನ ಕೈಚೀಲದ ಕತೆ ಹೇಳಿದಳು. "ಒಳ್ಳೆ ಗೆಸ್ಟುಗಳೂ ಇರ್ತಾರೆ. ಹೋಗುವಾಗ ರೂಮು ಸರಿಮಾಡಿದೋರಿಗೆ ಅಂತ ದಿಂಬಿನ ಮೇಲೆ ಏನಾದ್ರೂ ಇಟ್ಟು ಹೋಗ್ತಾರೆ. ನಾನಂತೂ ಇಡ್ತಿದ್ದೆ. ಆದ್ರೆ ಇಲ್ಲಿ ಮಾಡೋರೇ ಇಲ್ವಲ್ಲ."

"ಕೇಳು ಮಗಾ, ನಿಮ್ಮಮ್ಮನಿಗೆ ಹಾಸಿಗೆ ಎತ್ತೋಕೆ ಆಳು ಬೇಕಂತೆ" ಎಂದರು ಅತ್ತೆ. "ಮಹಾರಾಣಿ! ನಾನು ಹುಟ್ಟಿದಾಗಿಂದ ನನ್ನ ಹಾಸಿಗೆ ನಾನೇ ಎತ್ತಿದೀನಿ. ಸವೆದು ಹೋಗಿಲ್ಲ."

ರೈಲು, ದೋಣಿ, ಮತ್ತೆ ರೈಲು. ಮೊಣಕಾಲಿನ ನೆಪ ಹೇಳಿ ಅತ್ತೆ ಬರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ತಾಯಿ ಮಗಳು ವಾಪಸು ಬರುವಾಗ ಅತ್ತೆ ರೂಮಿನ ಮುಂದಿನ ಜಗುಲಿಯಲ್ಲಿ ಕೂತು, ಪಕ್ಕದ ರೂಮಿನ ಜಗುಲಿಯಲ್ಲಿದ್ದ ಮುದುಕಿಯೊಡನೆ ಗಂಟಲು ಬಿಟ್ಟು ಮಾತಾಡುತ್ತಿದ್ದರು. ಮಧ್ಯೆ ಅಂತರವಿದ್ದದ್ದರಿಂದ ಆ ಮಾತು ಅರ್ಧ ರಿಸಾರ್ಟಿಗೆ ಕೇಳುತ್ತಿತ್ತು.

"ನಾವು ದುಡ್ಡು ಕೊಟ್ಟು ಬಂದೋರಲ್ಲ ಕಣ್ರೀ. ನನ್ನ ಸೊಸೆಗೆ ಮರ್ಯಾದೆ ಮಾಡಿ ಕೊಟ್ಟಿದ್ದು ಇದು. ಕಾಯಿಲೆಯೋರ ರೂಮು ತೊಳೆದಿದ್ದಾಳೆ. ಮೀಸೆ ಹೊತ್ತ ಗಂಡಸರೆಲ್ಲಾ ಕಿತ್ಕೊಂಡು ಓಡಿದ್ರು, ಇವಳು ನಿಂತ್ಲು!"

"ಮನೇಲಿ ನಿಮಗೆ ಭಯ ಆಗ್ಲಿಲ್ವಾ?"

"ಭಯ ಏನು ಬಂತು? ಮನೆ ಮಗು ಅಲ್ವಾ ಅವಳು? ಒಂದೇ ಮನೆ, ಒಂದೇ ತಟ್ಟೆ. ದೂರ ಇಡೋಕಾಗುತ್ತಾ?"

ಮರದ ಮರೆಯಲ್ಲಿ ಅವಳು ನಿಂತುಬಿಟ್ಟಳು. ಮೊದಲ ಮಾತಿಗೆ ಅವಳ ಎದೆ ತಾನಾಗಿ ಉಬ್ಬಿತ್ತು. ಎರಡನೆಯದಕ್ಕೆ ಇಳಿಯಿತು. ಆ ದಿನಗಳಲ್ಲಿ ಅವಳು ಕೆಲಸದಿಂದ ಬಂದರೆ ಹಿತ್ತಲಲ್ಲೇ ಸ್ನಾನ, ಹಿತ್ತಲ ಕೋಣೆಯಲ್ಲೇ ನಿದ್ದೆ. ಅತ್ತೆ ಅವಳ ತಟ್ಟೆಯನ್ನು ಹಿಂಬಾಗಿಲ ಮೆಟ್ಟಿಲ ಮೇಲಿಟ್ಟು ಉದ್ದದ ಕೋಲಿನಿಂದ ಅವಳತ್ತ ದೂಡುತ್ತಿದ್ದರು. ಒಮ್ಮೆ ಸಾರು ಚೆಲ್ಲಿ ಮೆಟ್ಟಿಲುದ್ದಕ್ಕೂ ಹರಿದಿತ್ತು. ದೂರ ಇರುವುದು ಸರಿಯೆಂದು ಅವಳಿಗೂ ಗೊತ್ತಿತ್ತು, ಹೋಟೆಲಿನಲ್ಲೇ ಅದನ್ನು ಹೇಳಿಕೊಟ್ಟಿದ್ದರು. ಮರೆಯಲಾಗದೆ ಉಳಿದದ್ದು ಕೋಲು.

ರೂಮಿನೊಳಗೆ ಬಂದಾಗ ಮಂಚ ಬೆಳಿಗ್ಗೆ ಕೆಡಿಸಿದಂತೆಯೇ ಬಿದ್ದಿತ್ತು. ರಜಾಯಿ ನೆಲದ ಮೇಲೇ ಇತ್ತು. ಯಾರೂ ಬಂದಿರಲಾರರೆಂದು ಗೊತ್ತಿದ್ದೂ ಬಾಗಿಲು ತೆರೆಯುವಾಗ ಅವಳು ಸರಿಮಾಡಿದ ಮಂಚವನ್ನು ಎದುರುನೋಡಿದ್ದಳು. ಅದಕ್ಕೇ ಸಿಟ್ಟು ಇನ್ನಷ್ಟು ನೆತ್ತಿಗೇರಿತು.

"ಒಂದೇ ತಟ್ಟೆ ಅಂದ್ರಲ್ಲ, ಕೋಲು ಎಲ್ಲಿ ಬಚ್ಚಿಟ್ರಿ ಅತ್ತೆ?"

ಊಟದ ಪೊಟ್ಟಣ ಬಿಚ್ಚುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ. ಮಗಳು ಅಜ್ಜಿಯ ಮುಖ ನೋಡಿ, ಅಮ್ಮನ ಮುಖ ನೋಡಿ, ಪೊಟ್ಟಣದಲ್ಲಿ ಮುಖ ಹುದುಗಿಸಿದಳು.

"ಹೆದರಿದೆ" ಎಂದರು ಅತ್ತೆ. "ಮನೇಲಿ ಮಗು ಇತ್ತು. ನನಗೂ ಸಾಯೋ ಆಸೆ ಇರ್ಲಿಲ್ಲ. ಹೆದರಿದೆ ಅಂತ ಯಾವಳೋ ಪಕ್ಕದೋಳ ಹತ್ರ ಹೇಳ್ಕೊಳ್ಳಲಾ?"

"ನನ್ನ ಹತ್ರ ಹೇಳಬಹುದಿತ್ತು."

"ಈಗ ಹೇಳಿದ್ನಲ್ಲ. ಉಣ್ಣು."

ಬಿಸಿಲಿಳಿದ ಮೇಲೆ ಮಗಳು ಕೊನೆಯ ಸಲ, ಕೊನೆಯ ಸಲ ಎಂದು ಪೀಡಿಸಿದ್ದರಿಂದ ಅವಳು ಮತ್ತೆ ಹೊರಟಳು. ಅತ್ತೆ ಮಂಚದಿಂದ ಏಳಲಿಲ್ಲ.

ರೈಲಿನಲ್ಲಿ ಸೀಟು ಬಿಟ್ಟು ಸೀಟಿಗೆ ಅಡ್ಡಗೆರೆ ಎಳೆದಿದ್ದರು. ಮಗಳು ಮುಂದೆ, ಅವಳು ಹಿಂದೆ. ರೈಲು ನಿಂತ ವ್ಹೀಲನ್ನು ಬಳಸಿ, ಒಣ ಕೊಳವನ್ನು ಬಳಸಿ ಹೋಗುವಾಗ ಹಗ್ಗದಾಚೆಯ ಕರಡಿ ಅವಳ ಮಣಿಕಟ್ಟಿನ ಪಟ್ಟಿ ನೋಡಿ ಕಾಲಿಗೆ ಕಾಲು ಜೋಡಿಸಿ ಸೆಲ್ಯೂಟ್ ಹೊಡೆಯಿತು. ಅವಳಿಗೆ ನಗು ಬಂತು. ಆದರೂ ಬೆನ್ನು ನೆಟ್ಟಗೆ ಮಾಡಿ ಕೂತು, ತಿರುಗಿ ಸೆಲ್ಯೂಟ್ ಹೊಡೆದಳು.

ವಾಪಸು ಬಂದು ಬಾಗಿಲು ತಳ್ಳಿದಾಗ ಅತ್ತೆ ಕಿಟಕಿಗೆ ಮುಖಮಾಡಿ ಕುರ್ಚಿಯಲ್ಲಿ ಕೂತಿದ್ದರು. ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತಿದ್ದರು. ಬಾಗಿಲ ಸದ್ದಿಗೆ ತಿರುಗಲಿಲ್ಲ.

ಮಂಚದ ಮೇಲೆ ಏನೂ ಹಾಸಿರಲಿಲ್ಲ. ಬೆಡ್‌ಶೀಟು, ಅದರ ಕೆಳಗಿನ ತೆಳು ಹೊದಿಕೆ, ಹಾಸಿಗೆಯ ಗವಸು ಕೂಡ ಇರಲಿಲ್ಲ. ಬೋಳು ಹಾಸಿಗೆ ತನ್ನ ಹೊಲಿಗೆಯನ್ನೆಲ್ಲ ತೋರಿಸುತ್ತ ಬಿದ್ದಿತ್ತು. ಬಿಚ್ಚಿದ್ದೆಲ್ಲವೂ ಮನೆಯಲ್ಲಿ ಅತ್ತೆ ದಿನಾ ಬೆಳಿಗ್ಗೆ ನೆಲದ ಹಾಸಿಗೆ ಎತ್ತಿ ಗೋಡೆಯ ಮೂಲೆಗೆ ಒಟ್ಟುವಂತೆ, ಚೌಕ ಚೌಕವಾಗಿ ಮಡಚಿ ತಲೆಯ ಕಡೆ ಗೋಪುರವಾಗಿ ನಿಂತಿತ್ತು. ಎಲ್ಲಕ್ಕಿಂತ ಕೆಳಗೆ ರಜಾಯಿ. ಎಲ್ಲಕ್ಕಿಂತ ಮೇಲೆ ದಿಂಬುಗಳು. ಅವುಗಳ ನೆತ್ತಿಯ ಮೇಲೆ, ಯಾವುದಕ್ಕೂ ಇರಲಿ ಎಂಬಂತೆ, ಟಿವಿಯ ರಿಮೋಟು.

ಮಗಳು ಬಾಯಿ ತೆರೆಯುವುದರೊಳಗೆ ಅವಳು ಮಗುವಿನ ಭುಜ ಅದುಮಿದಳು.

ಅವಳಿಗೆ ಎಲ್ಲವೂ ಕಂಡಿತು. ರಜಾಯಿಯ ಅಂಚು ಒಂದು ಕಡೆ ಇಳಿಬಿದ್ದದ್ದು, ದಿಂಬಿನ ಮೇಲೆ ಮೊಣಕಾಲಿನ ಎಣ್ಣೆಯ ಕಲೆ, ಭಾರದ ಹಾಸಿಗೆಯನ್ನು ಎತ್ತಿ ಗವಸು ಬಿಡಿಸುವಾಗ ಮಂಚ ಗೋಡೆಯಿಂದ ಒಂದು ಗೇಣು ಜರುಗಿದ್ದು. ಆ ಗವಸು ಬಿಡಿಸಲು ಹೋಟೆಲಿನಲ್ಲಿ ಇಬ್ಬರು ಬೇಕು. ಹಾಸಿಗೆಯನ್ನು ಹೀಗೆ ಬಿಟ್ಟವಳನ್ನು ಅವಳ ಹೋಟೆಲಿನ ಸೂಪರ್‌ವೈಸರ್ ಅವತ್ತೇ ಮನೆಗೆ ಕಳಿಸುತ್ತಿದ್ದ.

ಅವಳು ಯಾವುದನ್ನೂ ನೋಡದವಳಂತೆ ಒಳಗೆ ನಡೆದಳು. ಮಗಳ ಕಡೆ ತಿರುಗಿ, "ಕಾಲು ತೊಳ್ಕೋ ಹೋಗು" ಎನ್ನುತ್ತಲೇ ಕೈಚೀಲವನ್ನು ಮಂಚದತ್ತ ಎಸೆದಳು. ಅದು ಬೋಳು ಹಾಸಿಗೆಯ ನಡುಮಧ್ಯೆ ಧೊಪ್ಪನೆ ಬಿದ್ದು ಒಂದು ಸಲ ಪುಟಿಯಿತು.

ಕಿಟಕಿಯ ಗಾಜಿನಲ್ಲಿ ಅತ್ತೆ ಅದನ್ನು ನೋಡುತ್ತಿದ್ದರು. "ಹ್ಞೂಂ, ಎಸಿ ಎಸಿ" ಎಂದರು. "ಎತ್ತಿಡೋಕೆ ನಾನಿದೀನಲ್ಲ."

ಮಲಗುವ ಹೊತ್ತಿಗೆ ಅವಳು ಗೋಪುರಕ್ಕೆ ಕೈಹಾಕಲು ಹೋದಾಗ ಅತ್ತೆ ಬಿಡಲಿಲ್ಲ. "ಆಚೆ ಸರಿ. ನಿನಗೆ ಬರಲ್ಲ" ಎಂದು ತಾವೇ ಬಿಚ್ಚಿ ಹಾಸಿದರು. ಬೆಡ್‌ಶೀಟು ಅಡ್ಡಡ್ಡ ಬಿತ್ತು. ಅವಳ ಕಾಲ ಬಳಿ ಬೋಳು ಹಾಸಿಗೆ ಒರಟಾಗಿ ತಾಗುತ್ತಿತ್ತು. ಅವಳು ಕೈಗಳನ್ನು ತಲೆಯಡಿ ಇಟ್ಟುಕೊಂಡು ಹಾಗೇ ನಿದ್ದೆಹೋದಳು.

ಹೊರಡುವ ದಿನ ಬೆಳಿಗ್ಗೆ ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಗೋಪುರ ಮತ್ತೆ ಎದ್ದಿತ್ತು, ಈ ಸಲ ರಿಮೋಟು ಇರಲಿಲ್ಲ. ತಮ್ಮ ಹಿಂದೆ ಬರುವ ಕೆಲಸದವಳು ಇದನ್ನು ನೋಡಿ ಏನಂದುಕೊಳ್ಳುತ್ತಾಳೆ ಎಂದು ಯೋಚಿಸಿ ಅವಳು ಒಳಗೇ ನಕ್ಕಳು. ಚೀಲದಲ್ಲಿ ಕೈಯಾಡಿಸಿ, ಗಂಡನಿಗೆಂದು ಎತ್ತಿಟ್ಟಿದ್ದ ಚಾಕೊಲೇಟನ್ನು ಹುಡುಕಿ ತೆಗೆದು, ಮೇಲಿನ ದಿಂಬಿನ ನಡುಮಧ್ಯೆ ಇಟ್ಟಳು.

"ಅದೇನದು?" ಎಂದರು ಅತ್ತೆ.

"ರೂಮು ಸರಿಮಾಡಿದೋರಿಗೆ. ನಾವು ಮುಂದೆ ಹೋಗ್ತಿರ್ತೀವಿ, ನೀವು ಬಾಗಿಲು ಎಳ್ಕೊಂಡು ಬನ್ನಿ."

ಗೇಟಿನ ಬಳಿ ವಿಶೇಷ ಅತಿಥಿಗಳ ಫೋಟೋ ತೆಗೆಯುವವನು ಕಾಯುತ್ತಿದ್ದ. ಕರಡಿ ಹಗ್ಗದಾಚೆ, ಇವರು ಈಚೆ. ಅತ್ತೆ ನಿಧಾನವಾಗಿ ಕಾಲೆಳೆಯುತ್ತ ಬಂದು ಸೊಸೆಯ ಪಕ್ಕದಲ್ಲಿ, ತೋಳಿಗೆ ತೋಳು ತಾಗುವಂತೆ ನಿಂತುಕೊಂಡರು.

"ನೀವು ಒಂದೇ ಮನೆಯೋರಾ? ಅಂತರ ಬೇಡ್ವಾ?" ಎಂದ ಫೋಟೋದವನು.

ಅತ್ತೆ ಮಾತಾಡಲಿಲ್ಲ. ಹ್ಞೂಂ ಎಂಬಂತೆ ತಲೆಯನ್ನಷ್ಟೇ ಜೋರಾಗಿ ಆಡಿಸಿದರು. ಅವರ ಮಾಸ್ಕಿನ ಮೇಲಿದ್ದ ಕರಡಿಯ ನಗುಬಾಯಿ ಒಂದು ಕೆನ್ನೆಯ ಕಡೆ ದಪ್ಪಗೆ ಉಬ್ಬಿ, ಮೆಲ್ಲಗೆ ಅತ್ತಿತ್ತ ಆಡುತ್ತಿತ್ತು.