ದೇಯಿಯ ನಾಲಗೆ

ಆಸ್ಪತ್ರೆಯ ಹಿಂದೆ, ಮೊದಲು ಸೌದೆ ಒಟ್ಟುತ್ತಿದ್ದ ಕೋಣೆಯೇ ಡಾಕ್ಟರ್ ರಮಾದೇವಿಯ ಲ್ಯಾಬೊರೇಟರಿ. ಮದ್ರಾಸಿನಲ್ಲಿ ಓದಿ ಮಂಗಳೂರಿಗೆ ಮರಳಿದಾಗ ಅವಳು ಹೆರಿಗೆ ವಾರ್ಡನ್ನೇ ಕೇಳುತ್ತಾಳೆಂದು ಎಲ್ಲರೂ ಎಣಿಸಿದ್ದರು. ಅವಳು ಕೇಳಿದ್ದು ಒಂದು ಮೈಕ್ರೋಸ್ಕೋಪು, ಗೋಡೆಗೆ ಸುಣ್ಣ, ಮತ್ತು ಕೈ ನಡುಗದ ಒಬ್ಬ ಸಹಾಯಕ. ಸಹಾಯಕನಾಗಿ ಸಿಕ್ಕಿದವನು ಸೈಮನ್. ಇಗರ್ಜಿಗಳಿಗೆ ಮೇಣದಬತ್ತಿ ಎರೆದು ಬದುಕುತ್ತಿದ್ದವನಿಗೆ ಮೇಣವೆಂದರೆ ಸಾಕಿದ ಹಸುವಿನ ಹಾಗೆ. ಬೆಳಿಗ್ಗೆ ಬಂದು ಮೇಣದ ಪೆಟ್ಟಿಗೆಯ ಕೆಳಗೆ ಚಿಮಿಣಿ ದೀಪ ಹಚ್ಚಿ, "ಎಂತ, ನಿದ್ದೆ ಬಂತಾ?" ಎಂದು ಅದನ್ನು ವಿಚಾರಿಸಿಕೊಂಡೇ ಉಳಿದ ಕೆಲಸಕ್ಕೆ ಕೈ ಹಾಕುತ್ತಿದ್ದ.

ಕೆಲಸಕ್ಕೆ ಬರಗಾಲವಿರಲಿಲ್ಲ. ಬೆಳಿಗ್ಗೆಯಿಂದ ಕಫ, ರಕ್ತ, ಮೂತ್ರದ ಶೀಸೆಗಳು ಬರುತ್ತಿದ್ದವು. ಅವು ಮುಗಿದ ಮೇಲೆ ಸರ್ಜನ್ ಕಳಿಸಿದ ಮಾಂಸದ ಚೂರುಗಳ ಸರದಿ. ಚೂರು ಮೊದಲು ಫಾರ್ಮಲಿನ್‌ನಲ್ಲಿ ನೆನೆಯಬೇಕು, ಸ್ಪಿರಿಟ್‌ನಲ್ಲಿ ನೀರು ಕಳೆದುಕೊಳ್ಳಬೇಕು, ಕರಗಿದ ಮೇಣ ಕುಡಿದು ಗಟ್ಟಿಯಾಗಬೇಕು. ಆಮೇಲೆ ಮೈಕ್ರೋಟೋಮ್ ಎಂಬ ಕೈಯಂತ್ರದ ಕತ್ತಿಗೆ ಕೊಟ್ಟು ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ ಸೀಳಿ, ಗಾಜಿಗೆ ಅಂಟಿಸಿ, ಬಣ್ಣ ಹಾಕಬೇಕು. ಆಗ ಮಾತ್ರ ರಮಾದೇವಿ ಕಣ್ಣಿಟ್ಟು ನೋಡಿ, ಕ್ಯಾನ್ಸರ್ ಉಂಟು ಅಥವಾ ಇಲ್ಲ ಎಂದು ಹೇಳಬಹುದಿತ್ತು.

ಸಂಜೆ ಬೋಳಾರದ ಮನೆಗೆ ಹೋದರೆ ಅವಳ ಸೀರೆಯೆಲ್ಲ ಫಾರ್ಮಲಿನ್ ವಾಸನೆ. ಅವಳ ತಂದೆ ಹೃಷೀಕೇಶ ಭಟ್ಟರು ಮನೆಯ ಹತ್ತಿರದ ಸಣ್ಣ ಗಣಪತಿ ಗುಡಿಯ ಅರ್ಚಕರು. ಮಗಳು ಏನನ್ನು ಮುಟ್ಟಿ ಬರುತ್ತಾಳೆಂದು ಅವರು ಕೇಳಿದವರಲ್ಲ. ಹಿತ್ತಲ ಬಾಗಿಲಲ್ಲಿ ಬಿಸಿನೀರು ಕಾಯಿಸಿಟ್ಟು, "ಮಿಂದು ಬಾ" ಎನ್ನುತ್ತಿದ್ದರು, ಅಷ್ಟೆ.

ಯುದ್ಧದ ಕಾಲದ ಒಂದು ಮೇ ತಿಂಗಳಲ್ಲಿ ಭಟ್ಟರೇ ಮೊದಲ ಬಾರಿಗೆ ಒಂದು ರೋಗದ ಸುದ್ದಿ ಎತ್ತಿದರು.

"ದೇಯಿ ಮಾತಾಡುದಿಲ್ಲ ಮಾರಾಯ್ತಿ. ಎಂತ ಆಗಿದೆ ನೋಡು."

ದೇಯಿ ಹೊಳೆಬದಿಯ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುವವಳು. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಭಟ್ಟರ ಮನೆಗೆ ಬಾಳೆಲೆ ತಂದು ಪಾಗಾರದ ಗೋಡೆಯ ಮೇಲಿಡುತ್ತಿದ್ದಳು. ಎಲೆಯ ಜೊತೆ ಕಾರ್ಖಾನೆಯ ಮೇಸ್ತ್ರಿಯ ಜಗಳ, ನೆರೆಮನೆಯ ಕೋಳಿಯ ಕಳ್ಳತನ, ಭಟ್ಟರ ಮಂತ್ರದ ಉದ್ದ ಎಲ್ಲವೂ ಬರುತ್ತಿತ್ತು. ಭಟ್ಟರು ಗದರಿಸುತ್ತಿದ್ದರು, ಆದರೆ ಅವಳು ಬರುವ ಹೊತ್ತಿಗೆ ಪಾಗಾರದ ಹತ್ತಿರವೇ ತುಳಸಿ ಕೊಯ್ಯುತ್ತಿದ್ದರು. ಈಗ ಕೆಲವು ವಾರಗಳಿಂದ ಅವಳು ಎಲೆಯಿಟ್ಟು ಸುಮ್ಮನೆ ಹೋಗುತ್ತಿದ್ದಳು.

ರಮಾದೇವಿ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ನಾಲಗೆಯ ಬದಿಯಲ್ಲಿ ಹುಣ್ಣು, ಅಂಚು ದಪ್ಪಗೆ, ಗಟ್ಟಿ. ಸರ್ಜನ್ ಮುಟ್ಟಿ ನೋಡಿದವರೇ ಮುಖ ಸಣ್ಣದು ಮಾಡಿಕೊಂಡರು.

"ಕ್ಯಾನ್ಸರ್ ಇರಬೇಕು ಡಾಕ್ಟ್ರೇ. ಅರ್ಧ ನಾಲಗೆ ತೆಗೀಬೇಕಾಗ್ತದೆ. ಚೂರು ಕಳಿಸ್ತೇನೆ, ಬೇಗ ನೋಡಿ. ನನಗೆ ಮಿಲಿಟರಿ ಕರೆ ಬಂದಿದೆ, ಈ ವಾರ ಮುಗಿದ್ರೆ ನಾನಿಲ್ಲ. ಮತ್ತೆ ಇಲ್ಲಿ ಇದನ್ನು ಮಾಡುವವರು ಯಾರೂ ಇಲ್ಲ."

ವಾರ್ಡಿನಲ್ಲಿ ಮಲಗಿದ್ದ ದೇಯಿಗೆ ರಮಾದೇವಿ ವಿಷಯ ತಿಳಿಸಿದಳು. ದೇಯಿ ನೋವಿನಿಂದ ತೊದಲುತ್ತಲೇ ಕೇಳಿದಳು:

"ಅರ್ಧ ನಾಲಗೆಯಲ್ಲಿ ಅರ್ಧ ಬೈಲಿಕ್ಕಾದ್ರೂ ಆಗ್ತದಾ ಅಮ್ಮಾ?"



ಚೂರು ಮೇಣಕ್ಕೆ ಸೇರಿ ಗಟ್ಟಿಯಾದ ದಿನ ಸೆಖೆಗೆ ಗೋಡೆಯೂ ಬೆವರುವಂತಿತ್ತು. ಸೈಮನ್ ಮೈಕ್ರೋಟೋಮಿನ ಹಿಡಿ ತಿರುಗಿಸಿದ. ಮೇಣ ಹಾಳೆಯಾಗಿ ಬರುವ ಬದಲು ಮುದ್ದೆಯಾಗಿ ಕತ್ತಿಗೆ ಮೆತ್ತಿಕೊಂಡಿತು. ಇನ್ನೊಮ್ಮೆ ತಿರುಗಿಸಿದ. ಅದೇ ಕಥೆ. ಇಂಥ ದಿನಗಳಲ್ಲಿ ಬಂದರಿನ ಐಸ್ ಫ್ಯಾಕ್ಟರಿಯಿಂದ ಹೊಟ್ಟಿನಲ್ಲಿ ಸುತ್ತಿದ ಐಸ್ ತರಿಸಿ ಮೇಣದ ಗಟ್ಟಿಯನ್ನು ತಣ್ಣಗಿಡುವುದು ವಾಡಿಕೆ. ಆದರೆ ಅಲ್ಲಿಯ ಯಂತ್ರ ಕೆಟ್ಟು ನಿಂತಿತ್ತು, ಅದರ ಭಾಗ ಹಡಗಿನಲ್ಲಿ ಬರಬೇಕಿತ್ತು.

"ಇನ್ನು ತಿರುಗಿಸಿದ್ರೆ ಚೂರೇ ಉಳಿಯುದಿಲ್ಲ," ಎಂದ ಸೈಮನ್, ಕೈ ತೆಗೆದು.

"ನಿಲ್ಲಿಸು. ನಾಳೆ ಬೆಳಕು ಹರಿಯುವಾಗ ಕೊಯ್ಯುವ. ಆಗ ಸ್ವಲ್ಪ ತಂಪಿರ್ತದೆ."

ಬರೇ ಮುಂಜಾನೆಯ ತಂಪು ಸಾಲದೆಂದು ಅವಳಿಗೆ ಗೊತ್ತಿತ್ತು. ಸಂಜೆ ಕಲಾಯಿ ಹಾಕುವವನ ಅಂಗಡಿಗೆ ಹೋಗಿ ನವಸಾಗರ ಕೊಂಡಳು. ಪಾತ್ರೆಗೆ ಕಲಾಯಿ ಹಿಡಿಸುವ ಆ ಉಪ್ಪನ್ನು ನೀರಿನಲ್ಲಿ ಕರಗಿಸಿದರೆ ನೀರು ಕೈ ಜುಮ್ಮೆನ್ನುವಷ್ಟು ತಣ್ಣಗಾಗುವುದನ್ನು ಕಾಲೇಜಿನಲ್ಲಿ ನೋಡಿದ್ದಳು.

ಬೆಳಗಿನ ಜಾವದ ಕತ್ತಲಲ್ಲಿ ಒಬ್ಬಳೇ ಆಸ್ಪತ್ರೆಗೆ ಹೋಗುವುದು ಬೇಡವೆಂದು ಭಟ್ಟರು ಲಾಟೀನು ಹಿಡಿದು ಜೊತೆಗೆ ಹೊರಟರು. ಬೆಳಗಿನ ಪೂಜೆಯನ್ನು ತಮ್ಮನ ಮಗನಿಗೆ ವಹಿಸಿದ್ದರು. ಲ್ಯಾಬೊರೇಟರಿಯ ಹೊರಗೆ ನಿಂತು, "ನೀವು ಮಾಡಿ, ನಾನಿಲ್ಲೇ ಇರ್ತೇನೆ" ಎಂದರು.

ಸೈಮನ್ ಕತ್ತಿ ಮಸೆಯುತ್ತಿದ್ದ. ರಮಾದೇವಿ ಮೇಣದ ಗಟ್ಟಿಯನ್ನು ತಗಡಿನ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ನವಸಾಗರದ ನೀರಿನಲ್ಲಿ ಮುಳುಗಿಸಿ ಹಿಡಿದಿದ್ದಳು. ನೀರಿನ ತಂಪು ಇಳಿದ ಹಾಗೆಲ್ಲ ಹೊಸ ನೀರಿಗೆ ಹೊಸ ಉಪ್ಪು ಬೇಕಿತ್ತು. ಇಬ್ಬರ ಕೈಗೂ ಬಿಡುವಿಲ್ಲ.

"ಬಾವಿ ನೀರು ಬೇಕಿತ್ತು," ಎಂದಳು ಅವಳು, ಯಾರಿಗೆಂದಿಲ್ಲದೆ.

ಹೊರಗೆ ರಾಟೆ ಕಿರುಗುಟ್ಟಿತು. ಭಟ್ಟರು ಶಾಲನ್ನು ಸೊಂಟಕ್ಕೆ ಬಿಗಿದು ಕೊಡ ಹೊತ್ತು ನೇರ ಒಳಗೆ ಬಂದರು. ಸೈಮನ್ ಗಲಿಬಿಲಿಯಾಗಿ ನಿಂತ. ಅರ್ಚಕರ ಕೈಯಿಂದ ಕೊಡ ತಾನು ತೆಗೆದುಕೊಳ್ಳಬಹುದೇ ಎಂದು ಅವನಿಗೆ ಸಂಶಯ.

"ಹಿಡಿ ಮಾರಾಯ, ಕೈ ನೋಯ್ತದೆ."

ಆಮೇಲೆ ಅವರು ಹೊರಗೆ ಹೋಗಲೇ ಇಲ್ಲ. ತಣ್ಣಗಾದ ಗಟ್ಟಿಯನ್ನು ಸೈಮನ್ ಯಂತ್ರಕ್ಕೆ ಕೂರಿಸಿ ಉಸಿರು ಬಿಗಿಹಿಡಿದು ತಿರುಗಿಸಿದ. ಕತ್ತಿಯ ಬಾಯಿಂದ ಮೇಣದ ತೆಳು ಪಟ್ಟಿಯೊಂದು ಸುಕ್ಕಿಲ್ಲದೆ ಇಳಿಯತೊಡಗಿತು. ರಮಾದೇವಿ ಅದನ್ನು ಕುಂಚದ ತುದಿಯಲ್ಲಿ ಎತ್ತಿ ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟಳು.

ಭಟ್ಟರು ಬಗ್ಗಿ ನೋಡಿ ಪಿಸುಗುಟ್ಟಿದರು. "ಇದರಲ್ಲಿ ದೇಯಿ ಉಂಟಾ?"

"ಅವಳ ನಾಲಗೆಯ ಒಂದು ಚೂರು ಉಂಟು ಅಪ್ಪಯ್ಯ."

"ಹಾಗಾದ್ರೆ ದೇಯಿಯೇ ಉಂಟು," ಎಂದರು ಅವರು.

ಗಾಜುಗಳು ಒಣಗಿ, ಬಣ್ಣ ಹಿಡಿದು, ಮೈಕ್ರೋಸ್ಕೋಪಿನ ಕೆಳಗೆ ಬರುವಾಗ ಮಧ್ಯಾಹ್ನವಾಗಿತ್ತು. ರಮಾದೇವಿ ನೋಡಿದಳು. ಮೇಲಿನ ಚರ್ಮದ ಪದರ ಬೇರುಗಳಂತೆ ಆಳಕ್ಕೆ ಇಳಿದಿತ್ತು. ಕ್ಯಾನ್ಸರ್ ಇಳಿಯುವುದೂ ಹೀಗೆಯೇ. ಆದರೆ ಒಂದೊಂದು ಬೇರನ್ನೂ ಹಿಂಬಾಲಿಸಿ ಹೋದಂತೆ ಜೀವಕಣಗಳು ಸಾಲು ಮುರಿಯದೆ ನಿಂತಿದ್ದವು, ಒಂದೂ ಗಡಿ ದಾಟಿ ಮಾಂಸಕ್ಕೆ ನುಗ್ಗಿರಲಿಲ್ಲ. ಬಹುಕಾಲ ಉಜ್ಜಿ ಉಜ್ಜಿ ಕೆರಳಿದ ಹುಣ್ಣೂ ಹೀಗೆ ಕಾಣಬಹುದು. ಉಜ್ಜಿದ್ದು ಯಾವುದು?

ಅವಳು ವಾರ್ಡಿಗೆ ಓಡಿದಳು. "ಬಾಯಿ ತೆರಿ ದೇಯಿ, ನೋವಾದ್ರೆ ಕಚ್ಚಬೇಡ." ಊದಿಕೊಂಡ ನಾಲಗೆಯನ್ನು ಮೆಲ್ಲನೆ ಸರಿಸಿ ಬೆರಳು ಹಾಕಿದಳು. ಎಲ್ಲಕ್ಕಿಂತ ಹಿಂದೆ, ಹುಣ್ಣಿಗೆ ಸರಿಯಾಗಿ ಎದುರು, ಮುರಿದ ದವಡೆಹಲ್ಲೊಂದು ಬ್ಲೇಡಿನಂತೆ ಬೆರಳಿಗೆ ತಾಗಿತು.

ಮರಳಿ ಬಂದು ಸೈಮನ್‌ಗೆ ಹೇಳಿದಳು: "ಉಳಿದದ್ದೆಲ್ಲ ಕೊಯ್ಯಿ. ಎಲ್ಲ ನೋಡಬೇಕು."

ನವಸಾಗರದ ನೀರು ಬದಲಿಸಿ ಬದಲಿಸಿ ಸಂಜೆಯವರೆಗೆ ಅವನು ಕೊಯ್ದ, ಮರುದಿನವಿಡೀ ಅವಳು ನೋಡಿದಳು. ಕೊನೆಗೆ ಗಾಜುಗಳನ್ನು ಹಿಡಿದು ಸರ್ಜನರ ಬಳಿಗೆ ಹೋದಳು.

"ಕ್ಯಾನ್ಸರ್ ಇಲ್ಲ. ಹಲ್ಲು ಕಿತ್ತು ಕಾಯುವ."

ಸರ್ಜನ್ ತಾವೂ ನೋಡಿದರು, ತುಂಬ ಹೊತ್ತು. "ನೀವು ತಪ್ಪಿದ್ರೆ, ಅವಳಿಗೆ ಆಪರೇಶನ್ ಮಾಡ್ಲಿಕ್ಕೆ ನಾನಿರುದಿಲ್ಲ."

"ಗೊತ್ತುಂಟು."

"ಗೊತ್ತಿದ್ದೂ ಹೇಳ್ತೀರಾ?"

"ಹೌದು. ನಾಲಗೆ ಕತ್ತರಿಸಬೇಡಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆ ಸಂಜೆಯೇ ದೇಯಿಯ ಹಲ್ಲು ಕಿತ್ತರು. ಮಾರನೆಯ ದಿನ ರೈಲು ಹತ್ತಿ ಹೋದರು.

ಮುಂದಿನ ದಿನಗಳಲ್ಲಿ ರಮಾದೇವಿಗೆ ಅನ್ನ ಸೇರಲಿಲ್ಲ. ಮೈಕ್ರೋಸ್ಕೋಪಿನ ಮುಂದೆ ಗಟ್ಟಿಯಾಗಿದ್ದ ನಂಬಿಕೆ ಮನೆಗೆ ಬರುವಷ್ಟರಲ್ಲಿ ಕರಗಿ ಹೋಗುತ್ತಿತ್ತು. ಬಟ್ಟಲ ಮುಂದೆ ಸುಮ್ಮನೆ ಕೂತ ಮಗಳನ್ನು ಭಟ್ಟರು ನೋಡಿದರು.

"ನೀನು ನೋಡಿದ್ದನ್ನೇ ಹೇಳಿದ್ದಿ, ಅಲ್ವಾ?"

"ಹೌದು ಅಪ್ಪಯ್ಯ."

"ಕಾಣದ್ದು ಯಾವುದನ್ನೂ ಸೇರಿಸಲಿಲ್ಲ?"

"ಇಲ್ಲ."

"ಮತ್ತೆ ಊಟ ಮಾಡು. ಸಾರು ತಣಿತಾ ಉಂಟು."

ಹುಣ್ಣಿನ ಗಟ್ಟಿ ಅಂಚು ಮೊದಲು ಮೆತ್ತಗಾಯಿತು. ಮತ್ತೆ ಅದು ಚಿಕ್ಕದಾಯಿತು. ಜೂನ್ ಮಳೆ ಹಿಡಿದುಕೊಂಡ ಮೇಲೆ ಒಂದು ದಿನ ರಮಾದೇವಿ ದೇಯಿಯ ನಾಲಗೆಯ ಮೇಲೆ ಬೆರಳಾಡಿಸಿದಾಗ ತೆಳುವಾದ ಬಿಳಿ ಗೆರೆಯೊಂದು ಬಿಟ್ಟರೆ ಏನೂ ಸಿಗಲಿಲ್ಲ. ಅವಳು ದೇಯಿಯ ಗಲ್ಲ ಹಿಡಿದುಕೊಂಡೇ ನಿಂತುಬಿಟ್ಟಳು. ಕಣ್ಣು ಮಂಜಾಗಿತ್ತು.

"ಬಿಡಿ ಅಮ್ಮಾ, ಬಾಯಿ ಮುಚ್ಚುತ್ತೇನೆ," ಎಂದಳು ದೇಯಿ. ಮುಚ್ಚಲಿಲ್ಲ ಮಾತ್ರ. ತನ್ನ ಚೂರು ಎಲ್ಲಿದೆ, ಅದನ್ನು ಎಂತ ಮಾಡಿದಿರಿ, ಕಾಣಬೇಕು ಎಂದು ಹಟ ಹಿಡಿದು ಲ್ಯಾಬೊರೇಟರಿಗೇ ಬಂದಳು. ಸೈಮನ್ ಅವಳನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದ. ಒಂದು ಕಣ್ಣನ್ನು ಕೈಯಲ್ಲಿ ಮುಚ್ಚಿ ಅವಳು ಇಣುಕಿದಳು.

"ದೇವರೇ! ನನ್ನೊಳಗೆ ಇಷ್ಟು ಬಣ್ಣ ಉಂಟಾ?"

"ಬಣ್ಣ ನಾವು ಹಾಕಿದ್ದು," ಎಂದ ಸೈಮನ್ ಹೆಮ್ಮೆಯಿಂದ.

"ನಿಮ್ಮ ಬಣ್ಣ ಯಾರಿಗೆ ಬೇಕು? ನನ್ನ ನಾಲಗೆ ಚಂದ ಉಂಟು, ಅಷ್ಟೇ."

ಹೊರಗೆ ಮಳೆ ಜೋರಾಗಿತ್ತು, ಅವಳಿಗೆ ಹೋಗುವ ಅವಸರ ಕಾಣಲಿಲ್ಲ. ತಾನು ರಜೆಯಲ್ಲಿದ್ದಾಗ ಮೇಸ್ತ್ರಿ ಮಾಡಿದ ಅನ್ಯಾಯವನ್ನು ಮೊದಲಿನಿಂದ ಹೇಳತೊಡಗಿದಳು. ಸೈಮನ್ ಹೂಂಗುಟ್ಟುತ್ತ ವಾರ್ಡಿನಿಂದ ಬಂದ ಶೀಸೆಗಳನ್ನು ಜೋಡಿಸಿದ. ಕೆಲಸದ ಹೊತ್ತಿನಲ್ಲಿ ಮಾತು ಬೇಡ ಎಂಬುದು ಆ ಕೋಣೆಯಲ್ಲಿ ರಮಾದೇವಿಯೇ ಮಾಡಿದ ನಿಯಮ. ಆ ಮಧ್ಯಾಹ್ನ ಅವಳು ಅದನ್ನು ಯಾರಿಗೂ ನೆನಪಿಸಲಿಲ್ಲ. ಮುಂದಿನ ಗಾಜನ್ನು ಮೈಕ್ರೋಸ್ಕೋಪಿಗೆ ಸೇರಿಸಿ, "ಮತ್ತೆ? ಅವನು ಎಂತ ಹೇಳಿದ?" ಎಂದು ಕೇಳಿದಳು.