ಹೂಂಗುಟ್ಟುವ ರಾಟೆ

ಹೊಸ ಹಗ್ಗಕ್ಕೆ ರೇನ್‌ಕೋಟಿನ ವಾಸನೆ, ಮಡಿಕೆ ಬಿಚ್ಚದೆ ವರ್ಷಗಟ್ಟಲೆ ಇಟ್ಟ ರೇನ್‌ಕೋಟು, ಅಂಗಡಿಯ ಗೋಡೆ ತುಂಬ ಹಗ್ಗಗಳು ಸುರುಳಿ ಸುರುಳಿ ನೇತುಬಿದ್ದಿವೆ, ಕೆಂಪು, ನೀಲಿ, ಬಿಳಿಯ ಮೇಲೆ ಹಸಿರು ಚುಕ್ಕೆ, ಅಜ್ಜಿಯ ಕಥೆಯ ರಾಕ್ಷಸ ಹೀಗೇ ರಾಜಕುಮಾರಿಯರ ಜಡೆಗಳನ್ನು ಮೊಳೆಗೆ ತೂಗುಹಾಕಿದ್ದ, ಯಾವ ಜಡೆ ಮುಟ್ಟಿದರೂ ಒಬ್ಬಳು ಎಚ್ಚರಗೊಳ್ಳುತ್ತಿದ್ದಳು — ನಾನು ನೀಲಿಯನ್ನು ಮುಟ್ಟುತ್ತೇನೆ, ಎದ್ದವಳು ಅಂಗಡಿಯಾಕೆ ಮಾತ್ರ, ಚಹಾದ ಲೋಟವನ್ನು ತಕ್ಕಡಿಯ ಮೇಲಿಟ್ಟು, ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ, ಏನಮ್ಮಾ ಬೇಕಿತ್ತು ಅನ್ನುತ್ತಾಳೆ. ಹಗ್ಗ, ಆಂಟಿ. ಹಗ್ಗ ಅಂತ ಗೊತ್ತಾಯ್ತು, ನಾನೇನು ಇಲ್ಲಿ ಟೊಮೇಟೊ ಮಾರ್ತೀನಾ, ಯಾವುದಕ್ಕೆ ಹೇಳು. ದೋಣಿಗೆ, ಚಿಕ್ಕದು, ಎರಡು ಒಡಲಿನದು, ನಡುವೆ ಬಲೆ ಬಿಗಿದಿರುತ್ತಲ್ಲ ಆ ಥರದ್ದು, ದೊಡ್ಡ ಹಾಯಿ ಎಳೆದು ಬಿಡೋ ಹಗ್ಗ ಬೇಕು, ಅದು ಓಡೋ ರಾಟೆಗಳೂ. ಓಹೋ, ಮೇನ್‌ಶೀಟು ಅನ್ನು, ದೋಣೀಲಿ ಎಷ್ಟು ಜನ ಇರ್ತೀರಿ? ಇಬ್ಬರು ಅಂದೆ. ಬಾಯಿ ತಾನಾಗಿಯೇ ಅಂದುಬಿಟ್ಟಿತು, ಚಪ್ಪಲಿ ಬಿಡುವ ಜಾಗದಲ್ಲಿ ಕಾಲು ತಾನಾಗಿ ಚಪ್ಪಲಿ ಬಿಡುವ ಹಾಗೆ, ಆಕೆ ಆಗಲೇ ಸ್ಟೂಲು ಹತ್ತಿ ಎರಡು ಸುರುಳಿ ಇಳಿಸುತ್ತಿದ್ದಾಳೆ, ಅಲ್ಲ ಆಂಟಿ, ಇಬ್ಬರಲ್ಲ ಅನ್ನಬೇಕು, ಅನ್ನುವುದಿಲ್ಲ.

ಇಬ್ಬರು ಅಂದರೆ ನಾನು ಮತ್ತು ಅಕ್ಕ. ನಾನು ಹಿಂದೆ ಚುಕ್ಕಾಣಿ ಹಿಡಿದು, ಅವಳು ಮುಂದೆ ಬಲೆಯ ಮೇಲೆ ನನಗೆ ಬೆನ್ನುಮಾಡಿ, ಎರಡೂ ಕೈಯಲ್ಲಿ ಹಗ್ಗ, ಅವಳ ಜಡೆಯ ತುದಿಯ ಉಪ್ಪುನೀರು ಗಾಳಿಗೆ ಹಾರಿ ನನ್ನ ತುಟಿಗೆ ಬರುತ್ತಿತ್ತು, ಸೋದರಮಾವ ಬೇಡವೆಂದು ಬಿಟ್ಟುಹೋದ ದೋಣಿ, ತಳ ತೇಪೆಹಾಕಿ ಬಣ್ಣ ಬಳಿದವರು ನಾವೇ, ಗಾಳಿ ಬಂದರೆ ಅವಳು ಎಳೆಯುತ್ತಾಳೆ, ರಾಟೆಯೊಳಗಿನ ಹಲ್ಲು ಟಿಕ್ ಅನ್ನುತ್ತದೆ, ನಾನು ಅಜ್ಜಿಯ ಕಥೆ ಹೇಳುತ್ತೇನೆ, ಅವಳು ಹೂಂ ಅನ್ನುತ್ತಾಳೆ, ಟಿಕ್, ಹೂಂ, ಟಿಕ್, ಹೂಂ. ಅಜ್ಜಿಯ ಕಟ್ಟಳೆ ಅದು, ಹೂಂಗುಟ್ಟುವವರು ಇರುವ ತನಕ ಕಥೆ, ನಿದ್ದೆ ಬಂದು ಹೂಂ ನಿಂತರೆ ಕಥೆಯೂ ಅಲ್ಲೇ ನಿಂತಿತು, ರಾಜ ಊಟಕ್ಕೆ ಕೈಯೆತ್ತಿದ್ದರೆ ಕೈ ಹಾಗೇ, ಮಾರನೆಯ ಸಂಜೆಯವರೆಗೆ ಪಾಪ ಹಸಿದುಕೊಂಡೇ ಇರುತ್ತಿದ್ದ, ನಾವು ನಗುತ್ತಿದ್ದೆವು. ಮುತ್ತಿನ ದ್ವೀಪಕ್ಕೆ ಹೊರಟ ಹುಡುಗಿಯ ಕಥೆಯಲ್ಲಿ ಮಾತ್ರ — ಹುಡುಗಿ ಒಂದು ಕಾಲು ದೋಣಿಯೊಳಗೆ ಇಟ್ಟಿದ್ದಳು, ಇನ್ನೊಂದು ಕಾಲು ದಡದಲ್ಲಿತ್ತು, ನಾವಿಬ್ಬರೂ ನಿದ್ದೆಹೋದೆವು, ಅಜ್ಜಿ ಮಾರನೆಯ ದಿನ ಏಳಲಿಲ್ಲ. ಆಮೇಲೆ ಎಷ್ಟೋ ಕಥೆ ಹೇಳಿದ್ದೇನೆ ನೀರಿನ ಮೇಲೆ, ಅದೊಂದನ್ನು ಎತ್ತಿದರೆ ಅಕ್ಕ, ಅದು ಬೇಡ ಕಣೇ, ಬೇರೆ ಹೇಳು, ಅನ್ನುತ್ತಿದ್ದಳು.

ಇದು ಎಂಟು ಮಿಲಿಮೀಟರು, ಇದು ಹತ್ತು, ಅಂಗಡಿಯಾಕೆ ಎರಡು ತುಂಡುಗಳನ್ನು ನನ್ನ ಅಂಗೈ ಮೇಲಿಟ್ಟು, ಅಯ್ಯೋ ಇದೇನಿದು ಕೈ, ಅನ್ನುತ್ತಾಳೆ. ಅಂಗೈ ಮುಚ್ಚಿಕೊಳ್ಳುತ್ತೇನೆ. ಹೋದ ವಾರ ಒಬ್ಬಳೇ ಹೋಗಿದ್ದೆ, ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದರಲ್ಲಿ ಹಗ್ಗ, ಅಕ್ಕನ ತೋಳಿಗೆ ಸರಿಹೋಗುತ್ತಿದ್ದ ಮೇಲೆರಡು ಕೆಳಗೆರಡು ರಾಟೆ, ಗಾಳಿ ಬಂದದ್ದೇ ಹಗ್ಗ ಅಂಗೈಯನ್ನು ಸುಟ್ಟು ಜಾರಿಹೋಯಿತು, ಹಾಯಿ ಪಟಪಟ ಬಡಿದುಕೊಂಡಿತು, ದೋಣಿ ಗಿರಗಿರ ತಿರುಗಿ ಯಾವುದೋ ಮೋಟಾರು ದೋಣಿಯವರು ಕಟ್ಟಿ ಎಳೆದು ತಂದರು, ಕಟ್ಟೆಯ ಮೇಲೆ ಕೂತವರು, ಏನಮ್ಮಾ, ದೋಣಿ ಮೇಯಿಸೋಕೆ ಹೋಗಿದ್ಯಾ, ಅಂದರು. ಅಮ್ಮ ಮುಲಾಮು ಹಚ್ಚುತ್ತ ಬಯ್ಯಲಿಲ್ಲ, ಅದೇ ನನಗೆ ಭಯ, ಇನ್ನೊಂದ್ಸಲ ಯಾರಾದ್ರೂ ನಿನ್ನ ಎಳ್ಕೊಂಡು ಬಂದ್ರೆ ಅವತ್ತೇ ದೋಣಿ ಮಾರಿಬಿಡ್ತೀನಿ, ಹಿಡಿಯೋಕೆ ಆಗುತ್ತೆ ಅಂದ್ರೆ ಇಟ್ಕೊ, ಆಗಲ್ಲ ಅಂದ್ರೆ ಹಟ ಬೇಡ, ಅಂದಳು, ಬ್ಯಾಂಡೇಜಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹರಿದಳು. ಹತ್ತು ದಪ್ಪ, ಅನ್ನುತ್ತಾಳೆ ಅಂಗಡಿಯಾಕೆ, ಕೈಗೆ ಹಿತ, ಆದ್ರೆ ರಾಟೇಲಿ ಕಚ್ಕೊಳ್ಳುತ್ತೆ, ಗಾಳಿ ಕಮ್ಮಿ ಇದ್ದಾಗ ಹಾಯಿ ಹೊರಗೇ ಹೋಗಲ್ಲ, ಎಂಟು ಸಲೀಸಾಗಿ ಓಡುತ್ತೆ, ಈ ಕೈಗೆ ಮಾತ್ರ ಚಾಕು — ಹಳೇದು ಎಷ್ಟಿತ್ತು? ಗೊತ್ತಿಲ್ಲ ಆಂಟಿ. ಉದ್ದ? ಎಂಟು ಮಾರು. ಯಾರ ಮಾರು? ಅಕ್ಕನ ಮಾರು, ಅನ್ನುತ್ತೇನೆ, ಮನೆಯಲ್ಲಿ ಎಲ್ಲ ಉದ್ದವನ್ನೂ ಅಕ್ಕ ಕೈ ಚಾಚಿಯೇ ಅಳೆಯುತ್ತಿದ್ದಳು, ಪರದೆ, ಬಟ್ಟೆ ಒಣಹಾಕುವ ತಂತಿ, ಹಗ್ಗ, ಎಂಟು ಮಾರು ಎಂದರೆ ಲೋಕಕ್ಕೆಲ್ಲ ಒಂದೇ ಎಂಟು ಮಾರು ಎಂದುಕೊಂಡು ಬಸ್ಸು ಹತ್ತಿ ಬಂದುಬಿಟ್ಟಿದ್ದೇನೆ. ಅಂಗಡಿಯಾಕೆ ನಗುತ್ತಾಳೆ, ಚೆನ್ನಾಗಿದೆ, ನಿಮ್ಮಕ್ಕನ್ನ ಎಲ್ಲಿಂದ ತರಲಿ, ಫೋನ್ ಮಾಡಿ ಕೇಳು.

ಮಾಡುತ್ತೇನೆ. ಅಕ್ಕ ಇರುವುದು ಬೇರೆ ಊರಿನ ನಾಲ್ಕನೇ ಮಹಡಿಯಲ್ಲಿ, ಮದುವೆಯಾಗಿ ಹೋದಳು, ಸಂತೋಷವಾಗಿದ್ದಾಳೆ, ಅದರಲ್ಲಿ ಯಾರದೂ ತಪ್ಪಿಲ್ಲ, ನೀರು ಮಾತ್ರ ಅಲ್ಲಿ ನಲ್ಲಿಯಲ್ಲಿ ಬರುತ್ತದೆ — ಹಲೋ, ಹೇಳೇ, ಎನ್ನುತ್ತಾಳೆ, ಹಿಂದೆ ಕುಕ್ಕರು ಕೂಗುತ್ತದೆ. ನಾನು ಹೇಳುತ್ತೇನೆ, ಅಂಗಡಿಗೆ ಬಂದಿದ್ದೀನಿ ಅಕ್ಕಾ, ಗೋಡೆ ತುಂಬ ಹಗ್ಗ, ಥೇಟ್ ಆ ರಾಕ್ಷಸನ ಮನೆ, ಎಂದು ನಿಲ್ಲಿಸುತ್ತೇನೆ, ಹೂಂ ಬರುವ ಜಾಗ ಅದು, ಬರುವುದಿಲ್ಲ, ಪಾತ್ರೆಯ ಸದ್ದು, ಚಮಚದ ಸದ್ದು, ಅಕ್ಕಾ ಇದ್ದೀಯಾ? ಇದ್ದೀನಿ, ಏನಂದೆ? ಹಗ್ಗದ ದಪ್ಪ ಎಂಟಾ ಹತ್ತಾ? ಯಾವ ಹಗ್ಗಾನೇ? ಮೇನ್‌ಶೀಟು. ಓ, ಆ ದೋಣಿ ಇನ್ನೂ ಇದೆಯಾ, ಮಾರಿಬಿಟ್ರಿ ಅಂದ್ಕೊಂಡಿದ್ದೆ, ನೀನೊಬ್ಬಳೇ ಏನ್ ಮಾಡ್ತೀಯ ಅದನ್ನಿಟ್ಕೊಂಡು, ತಡಿ ಹಾಲು ಉಕ್ತಿದೆ, ಆಮೇಲೆ ಮಾಡ್ತೀನಿ. ಏನಂದಳು, ಕೇಳುತ್ತಾಳೆ ಅಂಗಡಿಯಾಕೆ. ಹಾಲು ಉಕ್ತಿದೆಯಂತೆ. ಆಕೆ ನನ್ನ ಮುಖ ನೋಡುತ್ತಾಳೆ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾಳೆ, ಮತ್ತೆ ಹಾಕಿಕೊಳ್ಳುತ್ತಾಳೆ, ಈಗ ಸರಿಯಾಗಿ ಹೇಳು ಮಗಳೇ, ದೋಣೀಲಿ ಎಷ್ಟು ಜನ?

ಒಬ್ಬಳೇ.

ಅಷ್ಟೇ ತಾನೇ, ಮೊದಲೇ ಹೇಳೋಕೇನಾಗಿತ್ತು, ಒಬ್ಬಳಿಗೆ ಮೇಲೆ ಮೂರು ಕೆಳಗೆ ಮೂರು ಹಾಕಬೇಕು, ಭಾರ ಆರು ಪಾಲಾಗುತ್ತೆ, ನಿನ್ನ ಕೈಗೆ ಬರೋದು ಒಂದೇ ಪಾಲು, ಹಗ್ಗ ಮಾತ್ರ ಉದ್ದ ಬೇಕು, ನಿಮ್ಮಕ್ಕನ ಎಂಟು ಮಾರು ಸಾಲಲ್ಲ, ದಪ್ಪ ಎಂಟೂ ಬೇಡ ಹತ್ತೂ ಬೇಡ, ಒಂಬತ್ತು ಮಿಲಿಮೀಟರು ತಗೋ, ಮೇಲ್ಮೈ ಮೆತ್ತಗಿದೆ, ಹಿಡಿ ಈ ತುದಿ, ನಿನ್ನ ಮಾರಲ್ಲೇ ಅಳಿ. ಕೈ ಚಾಚುತ್ತೇನೆ, ಅಂಗಡಿಯ ನಡುವೆ, ಯಾರೋ ಓಡಿಬಂದು ತಬ್ಬಿಕೊಳ್ಳುವರೇನೋ ಎಂಬಂತೆ, ಒಂದು, ಮತ್ತೆ ಚಾಚುತ್ತೇನೆ, ಎರಡು, ತೋಳುಗಳ ನಡುವೆ ಹಗ್ಗ ಬಿಟ್ಟು ಏನೂ ಇಲ್ಲ, ಕೆಳಗೆ ನೀಲಿ ರಾಶಿ ಬೆಳೆಯುತ್ತದೆ. ಆಕೆ ತೊಲೆಯ ಕೊಕ್ಕೆಗೆ ರಾಟೆಗಳನ್ನು ತೂಗಿಬಿಟ್ಟು, ಹಗ್ಗವನ್ನು ಮೇಲೆ ಕೆಳಗೆ ಮೇಲೆ ಕೆಳಗೆ ಪೋಣಿಸಿ, ಕೆಳಗಿನ ಕೊಕ್ಕೆಗೆ ಕಾಂಕ್ರೀಟು ತುಂಬಿದ ಡಬ್ಬವೊಂದನ್ನು ಸಿಕ್ಕಿಸುತ್ತಾಳೆ, ಎಳಿ, ಒಂದೇ ಕೈಲಿ, ಇನ್ನೊಂದು ಕೈಲಿ ಚುಕ್ಕಾಣಿ ಇದೆ ಅಂದ್ಕೋ. ಎಡಗೈಯಲ್ಲಿ ಇಲ್ಲದ ಚುಕ್ಕಾಣಿ ಹಿಡಿಯುತ್ತೇನೆ, ಬಲಗೈಯಲ್ಲಿ ಎಳೆಯುತ್ತೇನೆ, ಟಿಕ್, ಡಬ್ಬ ನೆಲ ಬಿಡುತ್ತದೆ, ಏಳುತ್ತದೆ, ನನ್ನೊಬ್ಬಳಿಗೇ ಏಳುತ್ತದೆ, ಟಿಕ್, ಅಂಗೈ ಉರಿಯುತ್ತದೆ ಆದರೆ ಹಗ್ಗ ಜಾರುವುದಿಲ್ಲ, ಅಮ್ಮಾ ನೋಡು ಜಾರುತ್ತಿಲ್ಲ, ಇಟ್ಟುಕೊಳ್ಳಬಹುದು ದೋಣಿಯನ್ನು, ಟಿಕ್, ಯಾರೂ ಬೇಕಾಗಿಲ್ಲ, ಟಿಕ್, ಇನ್ನು ಯಾರೂ ಬೇಕಾಗುವುದೇ ಇಲ್ಲ, ಆ ಹುಡುಗಿ — ಟಿಕ್ — ಮುತ್ತಿನ ದ್ವೀಪಕ್ಕೆ — ಟಿಕ್ — ನಾನು ಎಳೆದರೆ ಮಾತ್ರ ಹೂಂ ಅನ್ನುತ್ತದೆ ಈ ರಾಟೆ, ನನ್ನ ಕೈಯ ಹೂಂ, ಕೈ ನಿಲ್ಲಿಸಿ ನೋಡುತ್ತೇನೆ, ಡಬ್ಬ ಗಾಳಿಯಲ್ಲಿ, ಮೇಲೂ ಇಲ್ಲ ಕೆಳಗೂ ಇಲ್ಲ, ಸದ್ದಿಲ್ಲ, ಹಗ್ಗ ಕೈಯಲ್ಲಿ ಬಿಗಿಯಾಗಿದೆ, ಸಾಕಾ ಮಗಳೇ, ಹಗ್ಗ ಕಟ್ ಮಾಡ್ಲಾ, ಅನ್ನುತ್ತಾಳೆ ಅಂಗಡಿಯಾಕೆ, ಹೂಂ ಅನ್ನಬೇಕು ನಾನು, ಹುಡುಗಿಯ ಒಂದು ಕಾಲು ದೋಣಿಯೊಳಗೆ, ಒಂದು ಕಾಲು ದಡದಲ್ಲಿ, ಹಿಮ್ಮಡಿ ಇನ್ನೂ ಎದ್ದಿಲ್ಲ, ಹಿಮ್ಮಡಿಗೆ ಅಂಟಿದ ಒದ್ದೆ ಮರಳು —