ಬೆಳ್ಳುಳ್ಳಿ ಕುಂಡದ ಮಾತ್ರೆಗಳು

ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇರಬಹುದು. ಕೆಲಸದಿಂದ ನಿವೃತ್ತಿಯಾಗಿದೆ, ಮಾಡಲು ಏನೂ ಇಲ್ಲ, ಆದರೂ ಸುಸ್ತು. ಎದ್ದರೆ ಸುಸ್ತು, ಕೂತರೆ ಸುಸ್ತು, ಮಾಜಾಂಗ್ ಆಡಲು ಕರೆದರೆ ಮಾತ್ರ ಮಾಯವಾಗುವ ಸುಸ್ತು. ನನ್ನ ಗಂಡ ಪಾಂಗ್‌ನದು ಇದೇ ಕಥೆ. ಸಾಲದ್ದಕ್ಕೆ ಬಿ.ಪಿ. ಬೇರೆ. ಅವನ ಅಪ್ಪ ಲಕ್ವ ಹೊಡೆದು ಮಲಗಿದವರು ಮತ್ತೆ ಏಳಲೇ ಇಲ್ಲ. ಹಾಗಾಗಿ ಇವನು ತಲೆ ಹಿಡಿದುಕೊಂಡು ಕೂತರೆ ಸಾಕು, ನನ್ನ ಎದೆ ಧಸಕ್ಕೆನ್ನುತ್ತದೆ.

ನಮ್ಮದು ಚೀನಾದ ಝೆಂಗ್‌ಝೌನ ಹಳೆಯ ಹತ್ತಿಗಿರಣಿಯ ವಠಾರ. ಬೆಳಗಾದರೆ ಅಂಗಳದ ಮರದಡಿ ಒಂದಷ್ಟು ಮಂದಿ ಸೇರಿ ಚಿಗಾಂಗ್ ಮಾಡುತ್ತಾರೆ. ನಿಧಾನವಾಗಿ ಕೈ ಎತ್ತುವುದು, ಇಳಿಸುವುದು, ಉಸಿರು ಬಿಡುವುದು, ಅಷ್ಟೇ. ಮುಂದೆ ನಿಂತು ಮಾಡಿಸುವವಳು ಶೆನ್ ಅಕ್ಕ. ಗಿರಣಿಯಲ್ಲಿ ಮೇಲ್ವಿಚಾರಕಿಯಾಗಿದ್ದವಳು. ಯಂತ್ರಗಳ ಸದ್ದು ನಿಂತು ಎಷ್ಟೋ ಕಾಲವಾಯಿತು, ಅವಳ ಗಂಟಲು ಮಾತ್ರ ಇನ್ನೂ ಇಳಿದಿಲ್ಲ.

"ತಾವ್, ನಿನ್ನ ಮುದುಕನ್ನ ಎಳ್ಕೊಂಡ್ ಬಾರೇ! ಮೈಯಲ್ಲಿ ಚಿ ಸರಿಯಾಗಿ ಹರಿದ್ರೆ ಸುಸ್ತೆಲ್ಲ ಓಡಿಹೋಗುತ್ತೆ," ಎಂದು ನನ್ನ ಹೆಸರು ಹಿಡಿದು ಕೂಗಿದಳು.

ಪಾಂಗ್ ಮೂಗು ಮುರಿದ. "ಜೀವಶಕ್ತಿಯಂತೆ, ಮೈಯೊಳಗೆ ಹರಿಯುತ್ತಂತೆ! ಇಷ್ಟು ವರ್ಷ ಯಂತ್ರ ರಿಪೇರಿ ಮಾಡಿದೀನಿ, ಯಾವುದರ ಒಳಗೂ ಚಿ ಸಿಕ್ಕಿಲ್ಲ."

"ನೀನು ಯಂತ್ರ ಅಲ್ಲ ಮುದುಕಾ. ಆಗಿದ್ದಿದ್ರೆ ಇಷ್ಟೊತ್ತಿಗೆ ಗುಜರಿಗೆ ಹಾಕಿರ್ತಿದ್ದೆ. ಏಳು ಮೇಲೆ," ಎಂದೆ ನಾನು.

ಗೊಣಗುತ್ತಲೇ ಬಂದ. ಎಲ್ಲರ ಜೊತೆ ಕೈ ಎತ್ತಿದ, ಇಳಿಸಿದ. ಮುಗಿದ ಮೇಲೆ ಒಬ್ಬರು ಅಂಗೈ ಬೆಚ್ಚಗಾಯಿತೆಂದರು, ಇನ್ನೊಬ್ಬರು ಬೆರಳ ತುದಿಯಲ್ಲಿ ಇರುವೆ ಹರಿದಂತಾಯಿತೆಂದರು. ಪಾಂಗ್ ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಏನೂ ಇಲ್ಲ. ಚಿ ಅನ್ನುವುದೇ ಸುಳ್ಳು ಎಂದಿದ್ದ ಮನುಷ್ಯನಿಗೆ ಈಗ ಅದು ತನಗೊಬ್ಬನಿಗೇ ಬರಲಿಲ್ಲವಲ್ಲ ಎಂಬ ಸಂಕಟ! ಇವನನ್ನು ಏನೆನ್ನಬೇಕೋ ನನಗೆ ತಿಳಿಯಲಿಲ್ಲ.

ಅಂದಿನಿಂದ ಬಾಲ್ಕನಿಯಲ್ಲಿ ಒಬ್ಬನೇ ನಿಂತು ಶುರು ಮಾಡಿದ. ಗಾಳಿ ಎಳೆದುಕೊಂಡು ಉಸಿರು ಬಿಗಿಹಿಡಿಯುವುದು, ಅದನ್ನು ಹೊಕ್ಕುಳ ಕೆಳಕ್ಕೆ ತಳ್ಳುತ್ತೇನೆಂದು ತಿಣುಕುವುದು. ಮುಖ ಹಣ್ಣುಮೆಣಸಿನಕಾಯಿಯಾಗುತ್ತಿತ್ತು. ಒಂದು ದಿನ ತಲೆ ಗಿರ್ರೆಂದು ತಿರುಗಿತು. ಹೋಗಿ ಶೆನ್ ಅಕ್ಕನಿಗೆ ಹೇಳಿದ. ಅವಳು ತೊಡೆ ತಟ್ಟಿಕೊಂಡಳು.

"ಬಂತು ನೋಡು! ಚಿ ಹೋಗಿ ರೋಗ ಇರೋ ಜಾಗಕ್ಕೇ ಗುದ್ದುತಾ ಇದೆ. ಮೊದಲು ಸಂಕಟ ಜಾಸ್ತಿ ಆಗುತ್ತೆ, ಆಮೇಲೆ ರೋಗ ಬೇರುಸಮೇತ ಹೋಗುತ್ತೆ. ಹಳಬರೆಲ್ಲ ಹೀಗೇ ಹೇಳ್ತಿದ್ರು."

ಪಾಂಗ್ ಬೀಗಿದ್ದೇ ಬೀಗಿದ್ದು. ನನ್ನ ತಲೆ ಮಾತ್ರ ಕಲಸಿಹೋಯಿತು. ತಲೆ ತಿರುಗದಿದ್ದರೆ ಆರೋಗ್ಯ, ತಿರುಗಿದರೂ ಆರೋಗ್ಯ! ಹಾಗಾದರೆ ನಾನು ಹೆದರಬೇಕಾದ್ದು ಯಾವಾಗ? ಕೇಳೋಣವೆಂದರೆ ಶೆನ್ ಅಕ್ಕನ ಬಾಯಿಗೆ ಎದುರಾಡುವವರು ಯಾರು? ಅವಳೇನೂ ಕೆಟ್ಟವಳಲ್ಲ. ಗಂಡ ತೀರಿಕೊಂಡ ಮೇಲೆ ಅವಳನ್ನು ಮತ್ತೆ ಮನುಷ್ಯಳನ್ನಾಗಿ ಮಾಡಿದ್ದು ಆ ಮರದಡಿಯ ಬೆಳಗುಗಳೇ. ಅದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ನಂಬಲೋ ಬಿಡಲೋ?

ಒಂದು ಬೆಳಿಗ್ಗೆ ಒಲೆಯ ಮೇಲೆ ನವಣೆ ಗಂಜಿ ಇಟ್ಟು, ಬೆಳ್ಳುಳ್ಳಿ ಸೊಪ್ಪು ಕುಯ್ಯಲು ಬಾಲ್ಕನಿಗೆ ಹೋದೆ. ಕುಂಡದ ಮಣ್ಣಿನಲ್ಲಿ ಬೆಳ್ಳಗೆ ಏನೋ ಕಂಡಿತು. ಕೆದಕಿದೆ. ಬಿ.ಪಿ. ಮಾತ್ರೆಗಳು! ಅರ್ಧ ಕರಗಿದವು, ಹೊಚ್ಚಹೊಸವು, ಒಂದು ಹಿಡಿಯಷ್ಟು. ನಾನು ದಿನಾ ಅವನ ಕೈಗಿಟ್ಟ ಮಾತ್ರೆಗಳನ್ನೆಲ್ಲ ಬೆಳ್ಳುಳ್ಳಿ ತಿನ್ನುತ್ತಿತ್ತು.

ಗಂಜಿಯನ್ನು ಹಾಗೇ ಬಿಟ್ಟು, ಒಲೆ ಆರಿಸಿ, ಕೆಳಗೆ ಓಡಿದೆ. ಅವತ್ತು ಪಾಂಗ್ ಮರದಡಿ ಎಲ್ಲರ ಜೊತೆ ಬಿಲ್ಲು ಎಳೆಯುವ ಭಂಗಿಯಲ್ಲಿ ನಿಂತಿದ್ದ. ನೋಡನೋಡುತ್ತಿದ್ದಂತೆ ವಾಲಿದ, ಮರ ಹಿಡಿದುಕೊಂಡ. ಮುಖದಲ್ಲಿ ರಕ್ತವಿಲ್ಲ.

"ಗುದ್ದು ಜೋರಾಗಿದೆ, ಬಿಡು, ಒಳ್ಳೇದೇ," ಎಂದಳು ಶೆನ್ ಅಕ್ಕ.

"ಏನು ಒಳ್ಳೇದು? ಇವರಪ್ಪ ಬಿದ್ದಾಗಲೂ ಹೀಗೇ ಒಳ್ಳೇದು ಒಳ್ಳೇದು ಅಂತ ಕಾಯ್ತಾ ಕೂತ್ರು! ಬಾ, ಆ ಕಡೆ ಹಿಡ್ಕೋ!" ನಾನು ಅಷ್ಟು ಜೋರಾಗಿ ಕೂಗಿದ್ದು ಜನ್ಮದಲ್ಲೇ ಇಲ್ಲ. ಶೆನ್ ಅಕ್ಕ ಓಡಿ ಬಂದು ಅವನ ರಟ್ಟೆ ಹಿಡಿದಳು.

ವಠಾರದ ಗೇಟಿನ ಪಕ್ಕದಲ್ಲೇ ಆರೋಗ್ಯ ಕೇಂದ್ರ. ಬಿ.ಪಿ. ನೋಡಿದ ನರ್ಸ್ ಫೆಂಗ್ ತಟ್ಟನೆ ಎದ್ದು ಡಾಕ್ಟರನ್ನು ಕರೆತಂದಳು. ಅವರು ಪರೀಕ್ಷೆ ಮಾಡಿ, ಮಾತ್ರೆ ಕೊಟ್ಟು, ಮಲಗಿಸಿದರು. ಒತ್ತಡ ನಿಧಾನವಾಗಿ ಇಳಿಯುವವರೆಗೆ ನಾನು ಅವನ ಕೈ ಬಿಡಲಿಲ್ಲ.

"ದೊಡ್ಡಪ್ಪ, ಮಾತ್ರೆ ಬಿಟ್ರಾ?" ಫೆಂಗ್ ಕೇಳಿದಳು.

ಪಾಂಗ್ ಗೋಡೆ ನೋಡಿದ. ನಾನೇ ಹೇಳಿದೆ: "ಇವನು ಬಿಟ್ಟಿದಾನೆ. ನಮ್ಮನೆ ಬೆಳ್ಳುಳ್ಳಿ ತಪ್ಪದೆ ತಗೋತಾ ಇದೆ."

"ಮಾತ್ರೆ, ಚಿಗಾಂಗ್ ಎರಡನ್ನೂ ಒಟ್ಟಿಗೆ ಮಾಡಿದ್ರೆ ಯಾವುದರಿಂದ ಗುಣ ಆಯ್ತು ಅಂತ ಹೇಗೆ ಗೊತ್ತಾಗಬೇಕು?" ಎಂದ ಪಾಂಗ್. "ಯಂತ್ರದಲ್ಲಿ ಒಂದೊಂದೇ ಭಾಗ ಬಿಚ್ಚಿ ತಾನೇ ನೋಡೋದು?"

"ನಿಂತ ಯಂತ್ರ ಬಿಚ್ಚಿ ನೋಡ್ತೀರಿ ದೊಡ್ಡಪ್ಪ. ನೀವು ಓಡ್ತಾ ಇದೀರಲ್ಲ!"

ಬಾಗಿಲಲ್ಲಿ ನಿಂತಿದ್ದ ಶೆನ್ ಅಕ್ಕನ ಗಂಟಲು ಮೊದಲ ಸಲ ಇಳಿದಿತ್ತು. "ಹಾಗಾದ್ರೆ ಮಗಳೇ, ಚಿಗಾಂಗ್ ಬಿಟ್ಟುಬಿಡಬೇಕಾ?"

"ಬಿಡಿ ಅಂದೆನಾ ದೊಡ್ಡಮ್ಮ? ನಾನೂ ಮಾಡ್ತೀನಿ. ಮೈ ಹಗುರ ಆಗುತ್ತೆ, ಮನಸ್ಸು ತಣ್ಣಗಾಗುತ್ತೆ, ಚೆನ್ನಾಗಿ ನಿದ್ದೆ ಬರುತ್ತೆ. ಆದ್ರೆ ಬಿಗಿಹಿಡೀಬಾರದು." ಅಲ್ಲೇ ಎದ್ದು ನಿಂತು ತೋರಿಸಿದಳು. "ಪಾದ ಭುಜದಷ್ಟು ಅಗಲ, ಮಂಡಿ ಸಡಿಲ. ಉಸಿರು ಎಳ್ಕೊಳ್ತಾ ಕೈ ಮೇಲೆ, ಬಿಡ್ತಾ ಕೆಳಗೆ. ಉಸಿರು ತಾನಾಗೇ ಬರಲಿ, ತಡೀಬೇಡಿ, ತಳ್ಳಬೇಡಿ. ತಲೆ ತಿರುಗಿದ್ರೆ ನಿಲ್ಲಿಸಿ ಕೂತ್ಕೊಳ್ಳಿ, ಇಲ್ಲಿಗೆ ಬನ್ನಿ. ಎದೆ ನೋವು ಬಂದ್ರೆ, ಮಾತು ತೊದಲಿದ್ರೆ, ಕೈಕಾಲು ಒಂದು ಕಡೆ ಸೋತ್ರೆ, ಒಂದು ಗಳಿಗೇನೂ ಕಾಯದೆ ಆಸ್ಪತ್ರೆಗೆ ಹೋಗಿ. ಅದು ಗುದ್ದೂ ಅಲ್ಲ, ಗುಣವಾಗೋ ಲಕ್ಷಣವೂ ಅಲ್ಲ."

ಪಾಂಗ್ ಎಲ್ಲ ಕೇಳಿಸಿಕೊಂಡು ಕೊನೆಗೆ ತನ್ನ ಪ್ರಶ್ನೆಗೇ ಬಂದ. "ಅದಿರಲಿ ಮಗಳೇ. ಚಿ ಅನ್ನೋದು ಇದೆಯೋ ಇಲ್ವೋ?"

ಫೆಂಗ್ ನಕ್ಕಳು. "ನಮ್ಮಜ್ಜಿ ಇದೆ ಅಂತಾಳೆ. ನಾನು ಓದಿದ ಪುಸ್ತಕದಲ್ಲಿ ಎಲ್ಲೂ ಸಿಗಲಿಲ್ಲ. ನಂಗೂ ಗೊಂದಲಾನೇ ದೊಡ್ಡಪ್ಪ. ನಿಮಗೆ ಬಿ.ಪಿ. ಇದೆ ಅನ್ನೋದರಲ್ಲಿ ಮಾತ್ರ ಗೊಂದಲ ಇಲ್ಲ."

ಡಾಕ್ಟರು ಸರಿ ಎಂದ ಮೇಲೆ ಪಾಂಗ್ ಮತ್ತೆ ಮರದಡಿಗೆ ಬಂದ. ಶೆನ್ ಅಕ್ಕ ಈಗ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಬೀದಿಗೆಲ್ಲ ಕೇಳುವಂತೆ ಮೊದಲು ಕೇಳುವ ಮಾತು ಒಂದೇ: "ಮಾತ್ರೆ ನುಂಗಿದ್ರಾ?" ಪಾಂಗ್‌ಗೆ ಕೆಟ್ಟ ನಾಚಿಕೆ. ಆದರೆ ಮಾಜಾಂಗ್ ಇಲ್ಲದ ದಿನವೂ ತಾನೇ ಎದ್ದು ಚಪ್ಪಲಿ ಹುಡುಕುತ್ತಾನೆ.

ಮೊನ್ನೆ ಮನೆಗೆ ಬಂದವನನ್ನು ರೇಗಿಸಿದೆ: "ಏನು ಮುದುಕಾ, ಇವತ್ತಾದ್ರೂ ಬಂತಾ ನಿನ್ನ ಚಿ?"

ಅವನು ತನ್ನ ಅಂಗೈಯನ್ನು ನನ್ನ ಕೆನ್ನೆಯ ಮೇಲಿಟ್ಟ. ಬೆಚ್ಚಗಿತ್ತು.

ಅದು ಚಿ ಇರಬಹುದು. ಅವನು ಆಗಷ್ಟೇ ಕೆಳಗಿಟ್ಟ ಚಹಾ ಲೋಟದ ಬಿಸಿಯೂ ಇರಬಹುದು. ನನಗೆ ಇವತ್ತಿಗೂ ಗೊತ್ತಿಲ್ಲ. ಅವನ ಅಪ್ಪನ ಹಾಗೆ ತಣ್ಣಗಾಗದೆ ಆ ಕೈ ನನ್ನ ಮನೆಯಲ್ಲಿದೆಯಲ್ಲ, ನನಗಷ್ಟೇ ಸಾಕು.

ಓದುತ್ತಿರುವ ಅಕ್ಕ ಅಣ್ಣಂದಿರೇ, ಚಿಗಾಂಗ್ ಮಾಡಿ ನೋಡಿ. ನಾಳೆ ಬೆಳಿಗ್ಗೆಯೇ ಶುರು ಮಾಡಿ, ನಿಧಾನವಾಗಿ, ನಗುನಗುತ್ತಾ. ಕಾಯಿಲೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಅವರು ಹೇಳದೆ ಒಂದೇ ಒಂದು ಮಾತ್ರೆಯನ್ನೂ ಬಿಡಬೇಡಿ. ಮನೆಯವರು ಸದ್ದಿಲ್ಲದೆ ಬಿಟ್ಟಿದ್ದಾರೋ ಎಂಬ ಅನುಮಾನವಿದ್ದರೆ, ಈಗಲೇ ಎದ್ದು ಹೋಗಿ ನಿಮ್ಮ ಹೂಕುಂಡಗಳನ್ನೊಮ್ಮೆ ಕೆದಕಿ ನೋಡಿ.